ಏಳು ಹೆಬ್ಬೆಟ್ಟು

1944ರಲ್ಲಿ ನಾನು ಆಳಂದದ ಒಂದು ಸಣ್ಣ ಅಚ್ಚುಕೂಟದಲ್ಲಿ ಕಂಪೋಸಿಟರ್ ಆಗಿದ್ದೆ. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುವವನೇ ಕಂಪೋಸಿಟರ್. ಲಗ್ನಪತ್ರಿಕೆ, ಮಠದ ಕರೆಯೋಲೆ ಬಿಟ್ಟರೆ ಬೇರೇನನ್ನು ಅಚ್ಚು ಹಾಕಲೂ ನಿಜಾಮ ಸರ್ಕಾರದ ಇಜಾಜತ್, ಅಂದರೆ ಅಪ್ಪಣೆ, ಬೇಕಿತ್ತು. ನಾನೋ ಮೊದಲೇ ಪುಕ್ಕಲ. ಪೊಲೀಸರ ಟೋಪಿ ಕಂಡರೆ ಓಣಿ ಬದಲಿಸುವವನು.

ಅಂಥವನ ಕೈಗೆ ನಿಂಬರ್ಗಾದ ನಾಗಮ್ಮ ಅಚ್ಚು ಹಾಕಿಕೊಡಿರೆಂದು ನಾಲ್ಕು ಹಾಳೆ ಕೊಟ್ಟಳು. ಆಕೆ ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆಯಲ್ಲಿ, ಕೂಲಿಯಾಳು. ಅಲ್ಲಿ ಗೆಳತಿಯೊಬ್ಬಳ ಬೆರಳುಗಳು ಯಂತ್ರಕ್ಕೆ ಸಿಕ್ಕು ಹೋಗಿದ್ದವು. ಮರುದಿನವೇ ಅವಳನ್ನು ಕೆಲಸದಿಂದ ತೆಗೆದಿದ್ದರು. ಅದನ್ನು ಹೆಣ್ಣಾಳುಗಳೆಲ್ಲ ಕೂತು ಹೇಳಿದಂತೆ, ಅಕ್ಷರ ಬಲ್ಲ ನಾಗಮ್ಮ ಬರೆದಿದ್ದಳು. ಕೊನೆಯ ಹಾಳೆಯಲ್ಲಿ ಆಕೆಯದೂ ಸೇರಿ ಏಳು ಹೆಬ್ಬೆಟ್ಟು! ಜಿನ್ನಿನಲ್ಲಿ ದಿನಾ ಹಾಜರಿಗೆ ಹೆಬ್ಬೆಟ್ಟು ಒತ್ತುವುದು ರೂಢಿ.

“ಹೆಬ್ಬಟ್ಟ ಒತ್ತಲಾರದ ಮಾತ ಯಾರ ನಂಬತಾರ್ರಿ ಅಣ್ಣಾ?” ಎಂದಳು.

ಬೆರಳಿನ ದುಡಿಮೆಯಿಂದಲೇ ಅನ್ನ ತಿನ್ನುವವನು ನಾನೂ. ಇಲ್ಲ ಎನ್ನಲಾಗಲಿಲ್ಲ. ಯಜಮಾನರು ಊರಲ್ಲಿಲ್ಲದ ವಾರ ನೋಡಿ ಮೊಳೆ ಜೋಡಿಸಿದೆ.

ಪ್ರೂಫ್ ನೋಡಲು ಬಂದವಳಿಗೆ, ಅದನ್ನು ತೆಗೆಯುವ ಮೊದಲು, ನನ್ನ ನಿದ್ದೆಗೆಡಿಸಿದ್ದ ಮಾತು ಹೇಳಿದೆ: ಇವೇ ಗುರುತು ಜಿನ್ನಿನ ಹಾಜರಿ ಪುಸ್ತಕದಲ್ಲೂ ಇವೆ, ಹೋಲಿಸಿದರೆ ಏಳೂ ಮಂದಿ ಸಿಕ್ಕಿಬೀಳುತ್ತೀರಿ. ಆಕೆಯ ಮುಖ ಬಿಳಿಚಿತು. ಅಷ್ಟರಲ್ಲೇ ಬಾಗಿಲಲ್ಲಿ ಅಮೀನ, ಅಂದರೆ ಠಾಣೆಯ ಅಧಿಕಾರಿ. ಜಿನ್ನಿನ ಮುಕಾದಮ, ಅಂದರೆ ಆಳುಗಳ ಮೇಸ್ತ್ರಿ, ಸುಳಿವು ಕೊಟ್ಟಿದ್ದನಂತೆ.

ನಾಗಮ್ಮ ಅಚ್ಚಿನ ಮಸಿ ಹರಡುವ ಕಲ್ಲಿನ ಮೇಲೆ ಅಂಗೈ ಊರಿದವಳೇ, ಅದನ್ನು ಕೊನೆಯ ಹಾಳೆಗೆ ಒತ್ತಿ ಉಜ್ಜಿಬಿಟ್ಟಳು. ಏಳೂ ಗುರುತು ಕಪ್ಪಿನಲ್ಲಿ ಮುಳುಗಿದವು.

“ಯಾರ್ಯಾರ ಕೂಡಿ ಬರದೀರಿ? ಸಚ್ ಹೇಳ್ ಬೇ!” ಅಮೀನ ಗದರಿದ.

“ನಾ ಒಬ್ಬಾಕೀನ ರೀ ಸಾಹೇಬ್ರ. ಈ ಅಣ್ಣಗ ಏನೂ ಗೊತ್ತಿಲ್ರಿ.”

ನಾನು ಗೊತ್ತಿಲ್ಲದವನಂತೆ ಲಗ್ನಪತ್ರಿಕೆಯೊಂದರ ಮೊಳೆ ಆರಿಸತೊಡಗಿದೆ. ಉಲ್ಟಾ ಅಕ್ಷರದ ಮೊಳೆಗಳು ಅಮೀನನಿಗೆ ಓದಲು ಬರಲಿಲ್ಲ. ಹಾಳೆಗಳ ಸಮೇತ ಆಕೆಯನ್ನು ಒಯ್ದ. ಸಂಜೆಯೊಳಗೆ ನಾನು ಅಂಜಿ, ಪುಟ ಕಟ್ಟಿದ್ದ ದಾರ ಬಿಚ್ಚಿ, ಮೊಳೆಗಳನ್ನೆಲ್ಲ ಅಕ್ಷರದ ಖಾನೆಗಳಿಗೆ ವಾಪಸು ಹಾಕಿಬಿಟ್ಟೆ.

ನಾಲ್ಕು ದಿನಕ್ಕೆ ಬಿಟ್ಟರು. ಆಕೆಯ ಕೆಲಸ ಹೋಗಿತ್ತು, ಉಳಿದ ಆರು ಮಂದಿಯದು ಉಳಿದಿತ್ತು. ನೇರ ನನ್ನ ಬಳಿ ಬಂದು “ಅಚ್ಚ ಆತೇನ್ರಿ?” ಎಂದಳು. ಪುಟ ಬಿಚ್ಚಿಹಾಕಿದೆನೆಂದು ತಲೆ ತಗ್ಗಿಸಿ ನಿಜ ಹೇಳಿದೆ.

“ಅಂಜಿಕಿ ನನಗೂ ಇತ್ರಿ. ಮತ್ತ ಜೋಡಿಸ್ರಿ, ನಾ ಹೇಳ್ತೇನಿ.”

ಆಕೆ ಹೇಳಬೇಕಾದದ್ದು ಕಡಿಮೆಯೇ. ಒಂದೊಂದು ಅಕ್ಷರ ಮುಟ್ಟಿ ಕಟ್ಟಿದ್ದ ನನ್ನ ಕೈಗೆ ಎಲ್ಲ ನೆನಪಿತ್ತು. ನೂರು ಪ್ರತಿ ತೆಗೆದೆವು, ಹೆಸರಿಲ್ಲದೆ, ಹೆಬ್ಬೆಟ್ಟಿಲ್ಲದೆ. ಒಂದನ್ನು ಮಾತ್ರ ಆಕೆ ಎತ್ತಿಟ್ಟುಕೊಂಡು ತನ್ನ ಹೆಬ್ಬೆಟ್ಟು ಒತ್ತಿ, “ಇದು ಯಾರಿಗೂ ಕೊಡೂದಲ್ರಿ. ನಿಮ್ಮದೂ ಒತ್ರಿ” ಎಂದಳು.

ಒತ್ತಿದೆ. ಗುರುತು ಮಸುಕಾಗಿ ಬಿತ್ತು. ಅಂಜಿಕೆ ನನಗೆ ಇವತ್ತಿಗೂ ಹೋಗಿಲ್ಲ. ಅಂಜುತ್ತಲೇ ಕೆಲಸ ಮುಗಿಸಬಹುದೆಂದು ನಾಗಮ್ಮ ಕಲಿಸಿದಳು, ಅಷ್ಟೇ.