ನೋಡಲಿಕ್ಕಲ್ಲದ ದುರ್ಬೀನು

ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ನನ್ನ ನೆಲಮಹಡಿಯ ಫ್ಲ್ಯಾಟಿಗೆ ಅವ್ವ ಬಂದದ್ದು ಮೂರು ತಿಂಗಳಿಗೆಂದು. ಕೊರೊನಾದಿಂದ ವಿಮಾನಗಳು ನಿಂತುಹೋಗಿ, ಚಳಿಗಾಲ ಬಂದರೂ ಇಲ್ಲೇ ಇದ್ದಳು. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು, ಒಂದು ಸಲವೂ ದುರ್ಬೀನಿನಲ್ಲಿ ಚಂದ್ರನನ್ನು ನೋಡಿರಲಿಲ್ಲವಂತೆ. ಅದನ್ನು ಒಂದು ಸಂಜೆ ಚಪಾತಿ ಲಟ್ಟಿಸುತ್ತ ಹೇಳಿದಳು.

ಯಾರಾದರೂ ಒಂದು ಸಣ್ಣ ದುರ್ಬೀನು ಎರವಲು ಕೊಡುತ್ತೀರಾ ಎಂದು ನಾನು ನಮ್ಮ ಬೀದಿಯವರ ಮೊಬೈಲ್ ಗುಂಪಿನಲ್ಲಿ ಕೇಳಿದೆ. ಎರಡು ದಿನ ಬಿಟ್ಟು ಪಕ್ಕದ ಬೀದಿಯ ಮುದುಕರೊಬ್ಬರು, ಮುಂದೆ ಮಕ್ಕಳನ್ನು ಕೂರಿಸುವ ಪೆಟ್ಟಿಗೆಯ ಸೈಕಲ್ಲಿನಲ್ಲಿ ಏನನ್ನೋ ಕಂಬಳಿ ಸುತ್ತಿಕೊಂಡು ಬಂದರು.

"ಇದೇನವಾ, ನೀರಿನ ಪೀಪಾಯಿ ತಂದಾರಲ್ಲ!" ಎಂದಳು ಅವ್ವ.

ನನಗೂ ಹಾಗೇ ಕಂಡಿತು. ಅಪ್ಪಿ ಹಿಡಿಯಬೇಕಾದಷ್ಟು ದಪ್ಪದ ಬಿಳಿ ಕೊಳವೆ. ಮುಂದಿನ ಬಾಯಿ ಪೂರ್ತಿ ತೆರೆದಿತ್ತು, ಗಾಜೇ ಇರಲಿಲ್ಲ. ಒಳಗೆ ತಳದಲ್ಲಿ ಒಂದು ದೊಡ್ಡ ಕನ್ನಡಿ. ಬಾಯಿಯ ನಡುವೆ ನಾಲ್ಕು ತೆಳು ಪಟ್ಟಿಗಳ ಮೇಲೆ ಇನ್ನೊಂದು ಚಿಕ್ಕ ಕನ್ನಡಿ, ಬೇಕೆಂದೇ ದಾರಿಗೆ ಅಡ್ಡ ನಿಲ್ಲಿಸಿದಂತೆ. ಬಗ್ಗಿ ನೋಡಿದರೆ ನನ್ನದೇ ಕಣ್ಣು ತಟ್ಟೆಯಷ್ಟಾಗಿ ನನ್ನನ್ನು ನೋಡುತ್ತಿತ್ತು.

ಮುದುಕರು ಅದನ್ನು ಹಿತ್ತಿಲಲ್ಲಿ ಸ್ಟ್ಯಾಂಡಿಗೆ ಕೂರಿಸಿ, ಒಂದೂವರೆ ಮೀಟರ್ ಹಿಂದೆ ಸರಿದು, ಡಚ್ಚಿನಲ್ಲಿ ಬಹಳ ಹೊತ್ತು ವಿವರಿಸಿದರು. ನನ್ನ ಡಚ್ ಅಂಗಡಿಗೂ ನಗರಸಭೆಯ ಪತ್ರಗಳಿಗೂ ಸಾಕಾಗುವಷ್ಟು. ಅವರ ಅರ್ಧ ಮಾತು ಮಾಸ್ಕಿನಲ್ಲೇ ಉಳಿಯಿತು. 'ಫೋಟೋ' ಎಂದದ್ದು ತಿಳಿಯಿತು. ಹೊರಡುವಾಗ ಬೆರಳೆತ್ತಿ ಎರಡು ಸಲ "ನೀತ್ ಕೈಕೆನ್" ಎಂದರು. ನೋಡಬೇಡಿ.

"ಕೊಟ್ಟು ನೋಡಬ್ಯಾಡ ಅಂತಾರಾ?"

"ಸೂರ್ಯನ್ನ ನೋಡಬ್ಯಾಡ್ರಿ ಅಂದಿರಬೇಕು," ಎಂದೆ. ನನಗೂ ಖಾತ್ರಿ ಇರಲಿಲ್ಲ.

ಐದೂವರೆಗೇ ಕತ್ತಲಾಯಿತು. ಅರ್ಧ ಚಂದ್ರ ಎದುರುಮನೆಗಳ ಹೆಂಚಿನ ಮೇಲಿದ್ದ. ಕೊಳವೆಯ ಪಕ್ಕದಲ್ಲಿ ಒಂದು ರಂಧ್ರವಿತ್ತು. ಅವರು ಕೊಟ್ಟ ಡಬ್ಬಿಯಲ್ಲಿದ್ದ ಪುಟ್ಟ ಗಾಜು ಅದಕ್ಕೆ ಸರಿಯಾಗಿ ಕೂತಿತು. ಆಕಾಶ ನೋಡಲು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕಿತ್ತು. ಎಡಕ್ಕೆ ತಳ್ಳಿದರೆ ಬೆಳಕು ಯಾವ ಕಡೆ ಓಡುತ್ತದೋ ತಿಳಿಯುತ್ತಿರಲಿಲ್ಲ. ಕಡೆಗೆ ಸಿಕ್ಕಿದ್ದು ಕಲಸಿದ ಹಿಟ್ಟಿನಂಥ ಬಿಳಿ ಮುದ್ದೆ, ನಡುವೆ ಒಂದು ಕಪ್ಪು ತೂತು. ಚಂದ್ರನಲ್ಲಿ ತೂತೇ? ಅದು ಬಾಯಿಗೆ ಅಡ್ಡ ನಿಂತ ಚಿಕ್ಕ ಕನ್ನಡಿಯ ನೆರಳೆಂದು ಆಮೇಲೆ ತಿಳಿಯಿತು. ರಂಧ್ರದ ಪಕ್ಕದ ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಮುದ್ದೆ ಮುದ್ದೆಯಾಗೇ ಉಳಿಯಿತು.

ಮುದುಕರಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡಿ ಎಂದು ಕೇಳಿಕೊಂಡೆ. "ಅದು ನೋಡಲಿಕ್ಕೆ ಮಾಡಿದ್ದಲ್ಲ, ಕ್ಯಾಮೆರಾಗೆ ಮಾಡಿದ್ದು," ಎಂದರು. "ಕಣ್ಣಿಟ್ಟು ನೋಡಲು ಆ ಪುಟ್ಟ ಗಾಜು ರಂಧ್ರದಿಂದ ಇನ್ನಷ್ಟು ಹೊರಗಿರಬೇಕು, ಅದಕ್ಕೆ ನಡುವೆ ಇನ್ನೊಂದು ತುಂಡು ಕೊಳವೆ ಬೇಕು. ಅಟ್ಟದಲ್ಲಿ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ನೋಡಬೇಡಿ ಎಂದಿದ್ದೆನಲ್ಲ."

ನಾನು ಇದನ್ನು ಅವ್ವನಿಗೆ ಹೇಳುವ ಮೊದಲೇ ಅವಳು ಬೇಸತ್ತು ಆ ಗಾಜನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ರಂಧ್ರದಿಂದ ಮೂರು ಬೆರಳು ದೂರದಲ್ಲಿ ಹಿಡಿದು, ಅದಕ್ಕೇ ಕಣ್ಣು ಹಚ್ಚಿ ನಿಂತಿದ್ದಳು.

"ಬಂತು! ಮಾತಾಡಬ್ಯಾಡ!"

"ಏನ್ ಕಾಣ್ತದವ್ವಾ?"

"ತಡಿ... ಹೋತು. ಬಂತು. ಇದರ ಅಂಚು ನೆಟ್ಟಗಿಲ್ಲಲ್ಲ! ಹರಕು ಅರಿವಿ ಗತೆ ಐತಿ. ನಾ ಬೋರ್ಡಿನ ಮ್ಯಾಲೆ ಅರ್ಧ ಚಂದ್ರ ಬರೆಯೋವಾಗ ಗೆರಿ ನುಣ್ಣಗ ಎಳೀತಿದ್ದೆ."

ಅವಳು ಗಾಜನ್ನು ನನ್ನ ಕೈಗಿತ್ತಳು. ನಾನು ಪ್ರಯತ್ನಿಸಿದಾಗ ಬೆಳಕು ಒಮ್ಮೆ ಮಿನುಗಿ ಜಾರಿತು, ಅಷ್ಟೇ. ಅವಳು ನೋಡಿದ್ದನ್ನು ನಾನು ನೋಡಲಿಲ್ಲ. ಒಳಗೆ ಬಂದ ಮೇಲೆ ಅವಳಿಗೇ ಅನುಮಾನ ಹತ್ತಿತು: "ಅದು ಚಂದ್ರನ ಹೌದಲ್ಲೇನ? ಎದುರುಮನಿ ದೀಪ ಅಲ್ಲಲ್ಲ?"

ಮುದುಕರು ಆ ತುಂಡು ಕೊಳವೆಯನ್ನು ಮೂರನೆಯ ದಿನ ಬಾಗಿಲಲ್ಲಿಟ್ಟು ಹೋದರು. ಆಮೇಲೆ ವಾರಗಟ್ಟಲೆ ಮೋಡ. ಮೋಡ ಹರಿಯುವಷ್ಟರಲ್ಲಿ ಅವ್ವನಿಗೆ ವಿಮಾನದಲ್ಲಿ ಸೀಟು ಸಿಕ್ಕಿತು, ಅವಳು ಹೊರಟುಹೋದಳು.

ವಸಂತದಲ್ಲಿ, ಇನ್ನೂ ನನ್ನಲ್ಲೇ ಇದ್ದ ದುರ್ಬೀನಿಗೆ ಕ್ಯಾಮೆರಾ ಸಿಕ್ಕಿಸಿ ಚಂದ್ರನ ಒಂದು ಫೋಟೋ ತೆಗೆದೆ. ಕುಳಿಗಳೆಲ್ಲ ಸ್ಪಷ್ಟವಾಗಿದ್ದವು. ಹೆಮ್ಮೆಯಿಂದ ಅವಳಿಗೆ ಕಳಿಸಿದೆ. ಒಡನೆ ಫೋನ್ ಬಂತು.

"ಛಲೋ ಐತವಾ. ಆದ್ರ ನಾ ಕಂಡಿದ್ದು ಇದಲ್ಲ ಬಿಡು."

"ಮತ್ತ ಹೆಂಗಿತ್ತು?"

"ಅದು ಬರ್ತಿತ್ತು, ಹೋಗ್ತಿತ್ತು. ಇದು ನಿಂತಬಿಟ್ಟೈತಿ," ಎಂದಳು. ಆಮೇಲೆ ಊಟ ಆಯಿತೇ ಎಂದು ಕೇಳಿದಳು.