ಗುಡಿಯ ಬಾಗಿಲಿನ ಎರಡು ಮೊಳ

ಹೋದ ವರ್ಷವಿಡೀ ನನ್ನ ಮೊಮ್ಮಗಳು ಒಂದು ಚರ್ಚಿನ ಬೆನ್ನು ಹತ್ತಿದ್ದಳು. ನಮ್ಮ ಗದಗ ಕಡೆಯದಲ್ಲ, ಜರ್ಮನಿ ದೇಶದ್ದು. ಕೆಂಪು ಕಲ್ಲಿನದಂತೆ, ಹೆಚ್ಚುಕಡಿಮೆ ನಮ್ಮ ಡಂಬಳದ ಗುಡಿಯಷ್ಟು ಹಳೆಯದಂತೆ. ಅವಳು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡುತ್ತಿದ್ದಳು. ಕಡೆಯ ವರ್ಷ ಒಂದು ಪ್ರಬಂಧ ಬರೆದು ಕೊಡಬೇಕು. ಆ ಚರ್ಚು ತನ್ನ ಸುತ್ತಲಿನ ಸೀಮೆಯನ್ನು ಹೇಗೆ ಬದಲಿಸಿತು ಅನ್ನುವುದನ್ನು ಅವಳು ಆರಿಸಿಕೊಂಡಿದ್ದಳು.

ನಾನು ನಾಲ್ಕನೇ ಇಯತ್ತೆ ಕಲಿತವಳು. ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದ ದಿನದಿಂದ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಲೇ ಇದ್ದೇನೆ. ರಜೆಗೆ ಬಂದಾಗ ಮೊಮ್ಮಗಳು ನನ್ನ ರಾಟಿಯ ಎದುರು ಕುಳಿತು ಬರೆದದ್ದನ್ನು ಓದಿ ಹೇಳುತ್ತಿದ್ದಳು. ನನಗೆ ತಿಳಿದರೆ ಎಲ್ಲರಿಗೂ ತಿಳಿದಂತೆ ಎಂದು ಅವಳ ಲೆಕ್ಕ.

ಆ ಚರ್ಚು ಕಟ್ಟಲು ಮೂರು ನಾಲ್ಕು ತಲೆಮಾರು ಹಿಡಿಯಿತಂತೆ. ಕಲ್ಲು ಒಡೆಯುವವರು, ಗಾಡಿ ಹೊಡೆಯುವವರು, ಕಮ್ಮಾರರು ಅಲ್ಲೇ ನೆಲೆ ನಿಂತು ಓಣಿಗಳಾದವು. ಸುತ್ತಲಿನ ಹಳ್ಳಿಗಳ ದಾರಿಗಳೆಲ್ಲ ಅದರ ಅಂಗಳಕ್ಕೇ ಬಂದು ಕೂಡಿದವು. ಹೊಲದಲ್ಲಿದ್ದವರು ಅದರ ಗಂಟೆ ಕೇಳಿ ಬುತ್ತಿ ಬಿಚ್ಚುತ್ತಿದ್ದರು. ರೊಟ್ಟಿ ಸುಡುವವರು ಒಂದು ಕಿಟಕಿ ಮಾಡಿಸಿಕೊಟ್ಟರು, ಅದರ ಗಾಜಿನಲ್ಲಿ ರೊಟ್ಟಿಯ ಚಿತ್ರ. ಸಿಂಪಿಗರು ಕೊಟ್ಟ ಕಿಟಕಿಯಲ್ಲಿ ಕತ್ತರಿ. ಅಂಗಳದಲ್ಲಿ ಸಂತೆ ಕೂಡುತ್ತಿತ್ತು. ಬಾಗಿಲ ಪಕ್ಕದ ಗೋಡೆಯ ಮೇಲೆ ರೊಟ್ಟಿಯ ಅಳತೆಗೆ ದುಂಡನೆಯ ಗೆರೆ, ಬಟ್ಟೆಯ ಅಳತೆಗೆ ಉದ್ದ ಗೆರೆ ಕೊರೆದಿದ್ದರು.

ನನಗೆ ನಗು ಬಂತು. "ದೇವರ ಗ್ವಾಡಿ ಮ್ಯಾಲೆ ರೊಟ್ಟಿ ಯಾಕ ಕೊರದ್ರವಾ?"

"ಮೋಸ ಆಗಬಾರದಂತ ಆಯಿ. ಕೊಂಡಾವರು ಅಲ್ಲೇ ಹಚ್ಚಿ ನೋಡ್ತಿದ್ರು. ದೇವರ ಮುಂದ ಸುಳ್ಳ ಹೇಳಾಕ ಬರ್ತದೇನು?"

ಯುಗಾದಿಗೆ ಬಂದಾಗ ಅವಳ ಮುಖ ಇಳಿದಿತ್ತು. ಕಲಿಸುವ ಸರ್ ಪ್ರಬಂಧ ಓದಿ, "ಇದೆಲ್ಲ ಪುಸ್ತಕದಾಗ ಐತಿ. ನೀ ಕಂಡದ್ದು ಏನೈತಿ ಇದರಾಗ? ನಿನ್ನ ಸೀಮಿಯ ಒಂದು ಗುಡಿ ಹಿಂಗ ಊರು ಕಟ್ಟಿದ್ದನ್ನ ತೋರಿಸು, ಆಮ್ಯಾಲೆ ಬಾ" ಅಂದಿದ್ದರಂತೆ. ಡಂಬಳದ, ಲಕ್ಷ್ಮೇಶ್ವರದ ಶಾಸನಗಳ ಬಗ್ಗೆ ಬರೆಯುತ್ತೇನೆಂದರೆ, ಅವನ್ನು ಎಲ್ಲರೂ ಬರೆದಾಗಿದೆ ಎಂದರಂತೆ. ತನ್ನದೇ ಒಂದು ಅಧ್ಯಾಯ ಕೊಡದಿದ್ದರೆ ಅವಳ ಒಂದು ವರ್ಷ ಹೋಗುತ್ತಿತ್ತು.

ನಾನು ಕಂಡಿಕೆ ಸುತ್ತುತ್ತ ಸುಮ್ಮನೆ ಕೇಳಿದೆ. "ಆ ಚರ್ಚಿನ್ಯಾಗ ಅರಿವಿ ಹೆಂಗ ಅಳೀತಿದ್ರವಾ?"

ಅವಳು ಎದ್ದು ನಿಂತು ತನ್ನ ಓಢಣಿಯ ಅಂಚನ್ನು ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಹಿಡಿದಳು. ಎಡಗೈ ಮೇಲೆ, ಬಲಗೈ ಕೆಳಗೆ. ಆಮೇಲೆ ಕೆಳಗಿನ ಅಂಚನ್ನು ಮೇಲೆ ತಂದು ಮತ್ತೆ ಹಿಡಿದಳು.

ನನ್ನ ಕೈಯಿಂದ ಕಂಡಿಕೆ ಬಿತ್ತು. ಅದು ನಮ್ಮ ಅತ್ತೆ ನಿಲ್ಲುತ್ತಿದ್ದ ರೀತಿ.

ನಮ್ಮ ಓಣಿಯ ತುದಿಗೆ ಒಂದು ಹಳೆಯ ಕಲ್ಲುಗುಡಿ ಇದೆ. ಸಣ್ಣದು. ಅದರ ಬಾಗಿಲಿನ ಬಲಗಂಬದಲ್ಲಿ ಮೇಲೊಂದು ಕೆಳಗೊಂದು ಕುಳಿ. ಹೆಬ್ಬೆರಳು ಹಿಡಿಯುವಷ್ಟು. ಹೋಗಿಬರುವವರೆಲ್ಲ ಅವಕ್ಕೆ ಕುಂಕುಮ ಇಡುತ್ತೇವೆ, ಎಣ್ಣೆ ಸವರುತ್ತೇವೆ. ನಾನು ಸೊಸೆಯಾಗಿ ಬಂದಾಗ ಮಗ್ಗದಿಂದ ಇಳಿದ ಸೀರೆಯನ್ನು ಮಾರುವ ಮೊದಲು ಆ ಗುಡಿಗೆ ಒಯ್ಯುವ ಪದ್ಧತಿ ಇತ್ತು. ಅತ್ತೆ ತಮ್ಮ ಸೆರಗಿನಿಂದ ಕುಳಿಗಳನ್ನು ಒರೆಸಿ, ಸೀರೆಯ ಅಂಚನ್ನು ಮೇಲಿನ ಕುಳಿಯಿಂದ ಕೆಳಗಿನ ಕುಳಿಗೆ ಎಳೆದು ಹಿಡಿಯುತ್ತಿದ್ದರು. ಹೀಗೆ ಒಂಬತ್ತು ಸಲ. ದೇವರಿಗೆ ಮುಟ್ಟಿಸುವುದು ಅನ್ನುತ್ತಿದ್ದರು. ಒಮ್ಮೆ ಪಕ್ಕದ ಮನೆಯವಳ ಸೀರೆಯನ್ನು ಮುಟ್ಟಿಸಿ, "ದೇವರು ಒಪ್ಪಲಿಲ್ಲ" ಎಂದು ತಿರುಗಿ ಕಳಿಸಿದ್ದರು. ಆಕೆಯದು ಏನೋ ಮೈಲಿಗೆಯಾಗಿರಬೇಕೆಂದು ನಾವೆಲ್ಲ ಗುಸುಗುಸು ಮಾತಾಡಿಕೊಂಡಿದ್ದೆವು. ಪಾಪ ಆ ಹೆಣ್ಣುಮಗಳು ಎರಡು ವಾರ ಹೊರಗೆ ಮುಖ ತೋರಿಸಲಿಲ್ಲ. ಆಮೇಲೆ ಅಂಗಡಿಯವರು ಮೀಟರಿನ ಪಟ್ಟಿ ತಂದರು, ಪದ್ಧತಿ ನಿಂತಿತು, ಕುಂಕುಮ ಉಳಿಯಿತು.

ಮೊಮ್ಮಗಳು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು. "ಆಯಿ, ಎಣಿಸ್ತಿದ್ರೇನು ಅವರು?"

"ಎಣಿಸ್ತಿದ್ರಲ್ಲ. ಲಾಭ, ಎರಡು, ಮೂರು…"

ಹೇಳುತ್ತಲೇ ನನಗೆ ಹೊಳೆಯಿತು. ಕಣದಲ್ಲಿ ಜೋಳ ಅಳೆಯುವವರು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ದೇವರಿಗೆ ಕೈಮುಗಿಯುವಾಗ ಯಾರಾದರೂ ಲಾಭ ಅನ್ನುತ್ತಾರೆಯೇ? ಐವತ್ತು ವರ್ಷ ನಾವು ಬಟ್ಟೆ ಅಳೆಯುವ ಗಜದ ಕೋಲಿಗೆ ಕುಂಕುಮ ಹಚ್ಚಿದ್ದೆವು!

ಇಬ್ಬರೂ ಗುಡಿಗೆ ಓಡಿದೆವು. ಓಡಿದೆವು ಎಂದರೆ ಅವಳು ಓಡಿದಳು, ನಾನು ಮೊಣಕಾಲು ಹಿಡಿದುಕೊಂಡು ಹೋದೆ. ಅಂಗಳದಲ್ಲಿ ಹೊಳೆಯುವ ಗ್ರಾನೈಟ್ ಹಲಗೆಗಳನ್ನು ಇಳಿಸುತ್ತಿದ್ದರು. ಬಾಗಿಲಿಗೆ, ಕಂಬಗಳಿಗೆ ಹಚ್ಚುವುದಕ್ಕೆ. ಕೆಲಸ ಮಾಡಿಸುತ್ತಿದ್ದವನು ನನ್ನ ಮೈದುನ, ಗುಡಿ ಕಮಿಟಿಯ ಹಿರಿಯ. ನಾನು ಮದುವೆಯಾಗಿ ಬಂದಾಗ ಚಡ್ಡಿ ಜಾರಿಸಿಕೊಂಡು ತಿರುಗುತ್ತಿದ್ದವನು. ಅವನಿಗೆ ಎಲ್ಲ ಹೇಳಿದೆ, ಈ ಕಂಬವನ್ನು ಮುಚ್ಚಬೇಡ ಅಂದೆ.

"ಏನ್ರಿ ವೈನಿ, ಜರ್ಮನಿ ದೇವರು ನಮ್ಮ ಓಣಿಗಿ ಬಂದಾನೇನು?" ಎಂದು ನಕ್ಕ.

"ಅಂವ ಬಂದಿಲ್ಲ. ಅವನಂಗ ನಮ್ಮಾಂವನೂ ಅರಿವಿ ಅಳೀತಿದ್ದ ಅಂತ ಹೇಳಾಕ ಬಂದೇನಿ."

"ಹಂಗಿದ್ರ ತೋರಿಸ್ರಿ. ಕಲ್ಲು ಹಚ್ಚಾವರು ಚಹಾ ಕುಡಿಯೂತನಕ ಟೈಮ್ ಐತಿ."

ಮೊಮ್ಮಗಳು ಮನೆಗೆ ಹೋಗಿ ಅತ್ತೆ ನೇಯ್ದಿದ್ದ ನನ್ನ ಹಳೆಯ ಸೀರೆಯನ್ನು ತಂದಳು. ನಾನು ಕುಳಿಗಳನ್ನು ಒರೆಸಿದೆ. ಕುಂಕುಮ, ಎಣ್ಣೆ, ಮಸಿ ಹೋದ ಮೇಲೆ ಎರಡರ ನಡುವೆ ನೇರ ಗೆರೆ ಕಂಡಿತು. ಮೊಳ ಹಾಕಿ ನೋಡಿದೆ, ಸರಿಯಾಗಿ ಎರಡು ಮೊಳ. ನಮ್ಮ ಮಗ್ಗದ ಹದಿನೆಂಟು ಮೊಳದ ಸೀರೆ ಒಂಬತ್ತು ಸಲಕ್ಕೆ ಮುಗಿಯಬೇಕು. ಲಾಭ, ಎರಡು, ಮೂರು ಎಂದು ಎಣಿಸುತ್ತ ಹೋದೆ. ಒಂಬತ್ತನೆಯ ಸಲ ಅಂಚು ಕೆಳಗಿನ ಕುಳಿಗೆ ಮುಟ್ಟಲೇ ಇಲ್ಲ. ಒಂದು ಗೇಣು ಕಡಿಮೆ.

ಮೊಮ್ಮಗಳ ಮುಖ ಸಣ್ಣದಾಯಿತು. ಮೈದುನ ಚಪ್ಪಾಳೆ ತಟ್ಟಿದ. "ದೇವರು ಒಪ್ಪಲಿಲ್ಲ ಬಿಡ್ರಿ ವೈನಿ!"

"ಯಾಕಲೇ, ನೀನೂ ಮಗ್ಗದ ಕುಣ್ಯಾಗ ಕುಂತು ಬೆಳದಾಂವ. ನೀರಿಗಿ ಬಿದ್ದ ನೂಲು ಜಗ್ಗತೈತೋ ಕುಗ್ಗತೈತೋ?"

ಅವನ ನಗು ನಿಂತಿತು. ನೇಕಾರನ ಮಗ, ಸುಳ್ಳು ಹೇಗೆ ಹೇಳಿಯಾನು? "ಕುಗ್ಗತೈತಿ ಖರೆ," ಅಂದ. "ಹಂಗಾರ ನೀರು ಕಾಣದ್ದು ತರ್ರಿ. ನಮ್ಮವ್ವನ ಕೈಯಾಂದು."

ನೀರು ಕಾಣದ್ದು ಒಂದೇ ಇತ್ತು. ಅತ್ತೆ ಕಡೆಯದಾಗಿ ನೇಯ್ದ ಸೀರೆ. ಮಗ್ಗದಿಂದ ಇಳಿಸಿದ ಮಡಿಕೆಯಲ್ಲೇ, ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೆ. ಮೊಮ್ಮಗಳ ಮದುವೆಯ ದಿನ ಅದರ ಮಡಿಕೆ ಮುರಿಯಬೇಕೆಂದು ಅತ್ತೆಗೆ ಮಾತು ಕೊಟ್ಟಿದ್ದೆ. ಅದು ಮೊಮ್ಮಗಳಿಗೂ ಗೊತ್ತು.

"ಬ್ಯಾಡ ಆಯಿ," ಅಂದಳು. "ಕಂಬದ ಫೋಟೋ ತಗೊಂಡು ಬರೀತೇನಿ, ಸಾಕು."

"ಕಂಬದ ಮುಂದ ನಿಂತಾಂವನೇ ನಂಬಿಲ್ಲ, ಫೋಟೋ ನೋಡಿ ನಿಮ್ಮ ಸರ್ ನಂಬ್ತಾರ? ನಡಿ, ಕೀಲಿ ತಾ."

ಸೀರೆಯನ್ನು ಗುಡಿಗೆ ತಂದು ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಇನ್ನೂ ಇತ್ತು. ಗುಡಿಯ ಮುಂದೆ ಆಗಲೇ ಓಣಿಯ ಹೆಂಗಸರೆಲ್ಲ ಸೇರಿದ್ದರು. ನಾನು ಮೇಲೆ ಹಿಡಿದೆ, ಮೊಮ್ಮಗಳು ಕೆಳಗೆ ಹಿಡಿದಳು. ಎಲ್ಲರೂ ಎಣಿಸತೊಡಗಿದರು. ಲಾಭ. ಎರಡು. ಮೂರು. ಏಳಕ್ಕೆ ಬರುವಷ್ಟರಲ್ಲಿ ಚಹಾ ಕುಡಿಯುತ್ತಿದ್ದ ಕೆಲಸದವರೂ ಎಣಿಸುತ್ತಿದ್ದರು. ಒಂಬತ್ತು ಅಂದಾಗ ಸೆರಗಿನ ತುದಿ ಕೆಳಗಿನ ಕುಳಿಯಲ್ಲಿ ಹೋಗಿ ಕೂತಿತು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ.

ನಾನು ಕುಣಿದೆ ಎಂದು ಓಣಿಯವರು ಈಗಲೂ ಹೇಳುತ್ತಾರೆ. ಕುಣಿದಿರಬಹುದು.

ಮೈದುನ ಬಂದು ಕುಳಿಯಲ್ಲಿ ಹೆಬ್ಬೆರಳಿಟ್ಟು ನೋಡಿದ. "ನಮ್ಮವ್ವ ಹಿಂಗ ನಿಲ್ತಿದ್ಲು," ಅಂದ. ಆಮೇಲೆ ಕೆಲಸದವರ ಕಡೆ ತಿರುಗಿ, "ಈ ಕಂಬ ಬಿಟ್ಟು ಉಳದದ್ದಕ್ಕ ಹಚ್ರಿ" ಎಂದು ಹೇಳಿದ. ಬಿಟ್ಟು ಹಚ್ಚಿದರು. ಹೊಳೆಯುವ ಕಲ್ಲಿನ ನಡುವೆ ಅದೊಂದು ಕರಿ ಕಂಬ ಈಗ ಚೆನ್ನಾಗಿ ಎದ್ದು ಕಾಣುತ್ತದೆ. ಅವತ್ತೇ ಆ ಪಕ್ಕದ ಮನೆಯವಳ ಮಗಳಿಗೆ ಹೇಳಿದೆ, ನಿಮ್ಮ ಅವ್ವನಲ್ಲಿ ಏನೂ ದೋಷ ಇರಲಿಲ್ಲ, ಸೀರೆ ಗಿಡ್ಡ ಇತ್ತು ಅಷ್ಟೇ ಎಂದು.

ಮೊಮ್ಮಗಳು ಬರೆದಳು. ಸೀರೆಯ ಮಡಿಕೆ ಹೇಗೂ ಮುರಿದಿತ್ತು, ಪ್ರಬಂಧ ಒಪ್ಪಿಸುವ ದಿನ ಅದನ್ನೇ ಉಟ್ಟುಕೊಂಡು ಧಾರವಾಡಕ್ಕೆ ಹೋದಳು. ಸರ್ ಕೇಳಿದಾಗ ಸೆರಗು ಹಿಡಿದು ತೋರಿಸಿದಳಂತೆ. ಪಾಸಾದಳು! ಆ ಜರ್ಮನಿ ಚರ್ಚಿನ ಪ್ರಬಂಧದ ಕಡೆಯ ಅಧ್ಯಾಯದಲ್ಲಿ ಈಗ ನಮ್ಮ ಓಣಿ ಇದೆ, ನಮ್ಮ ಅತ್ತೆಯ ಹೆಬ್ಬೆರಳೂ ಇದೆ.

ಈಗ ಓಣಿಯ ಹುಡುಗಿಯರು ಅಂಗಡಿಯಿಂದ ತಂದ ಸೀರೆಗಳನ್ನು ಆ ಕಂಬಕ್ಕೆ ಹಿಡಿದು ನೋಡುತ್ತಾರೆ. ಈಗಿನವು ಹನ್ನೆರಡೇ ಮೊಳ, ಆರು ಸಲಕ್ಕೇ ಮುಗಿದುಬಿಡುತ್ತವೆ. ಕಟ್ಟೆಯ ಮೇಲೆ ಕುಳಿತ ಮೈದುನ ಒಬ್ಬೊಬ್ಬರಿಗೂ ಹೇಳಿ ಕಳಿಸುತ್ತಾನೆ, "ದೇವರು ಒಪ್ಪಲಿಲ್ಲ ಬೇ, ಅಂಗಡ್ಯಾಂವಗ ವಾಪಸ್ ಕೊಡ ಹೋಗು."