ಜೀವಿತಾಳ ಮರದ ಕಾಯಿ

ತೆಂಗಿನ ಸೀಮೆಗೆ ಬೆಂಗಳೂರಿನಿಂದ ತೆಂಗಿನ ಮರ ತರಿಸಿದ ಪುಣ್ಯಾತ್ಮ ಸೂರ್ಯಪ್ರಕಾಶ. ಶೆಟ್ಟಿಕೆರೆ ದಾಟಿ ತಿಪಟೂರಿಗೆ ಹೋಗುವ ರಸ್ತೆಯ ಬಲಕ್ಕೆ ಅವನ ಗಾರ್ಡನ್ ಹೋಟೆಲು. ಅಲ್ಲಿಯ ಮರಗಳಿಗೆ ಒಳಗೆ ಕಬ್ಬಿಣದ ಕಂಬ, ಹೊರಗೆ ಫೈಬರ್ ಕಾಂಡ, ಮೇಲೆ ಪ್ಲಾಸ್ಟಿಕ್ ಗರಿ. ನೀರು ಬೇಡ, ಗೊಬ್ಬರ ಬೇಡ, ಆಗೊಮ್ಮೆ ಈಗೊಮ್ಮೆ ಪೈಪು ಹಿಡಿದು ಧೂಳು ತೊಳೆದರೆ ಆಯಿತು. ಎತ್ತ ಕಣ್ಣು ಹಾಯಿಸಿದರೂ ತೆಂಗೇ ಕಾಣುವ ಊರಿನ ಜನ ಬಂದು, ಅವುಗಳ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ! ನಗುವವರು ನಗಲಿ. ವೀರಭದ್ರಯ್ಯನಿಗೆ ಮಾತ್ರ ನಗು ಬರುವುದಿಲ್ಲ. ಆ ಮರಗಳಲ್ಲಿ ಒಂದನ್ನು ಅಂಗಲಾಚಿ ನಿಲ್ಲಿಸಿಕೊಂಡವನು ಅವನೇ.

ಜಾಗ ವೀರಭದ್ರಯ್ಯನದು. ಮನೆ ರಸ್ತೆಯ ಈಚೆಗಾದರೆ ತೋಟ ಆಚೆಗೆ. ತೋಟದ ಮುಂದಿನ ತುಂಡನ್ನು ಹೋಟೆಲಿನವರಿಗೆ ಬಾಡಿಗೆಗೆ ಕೊಡೋಣ ಎಂದು ಮಗ ಜ್ಞಾನೇಶ ಕೇಳಿದಾಗ, ವಿಮಲಮ್ಮ ಗಂಡನಿಗೂ ಮಗನಿಗೂ ಒಂದೇ ಮಾತು ಹೇಳಿದ್ದಳು. "ಏನಾದ್ರೂ ಮಾಡ್ಕಳಿ. ನಮ್ ಜೀವಿ ಮರ ಮುಟ್ಟಂಗಿಲ್ಲ."

ಜೀವಿತಾ ಅವರ ಮಗಳು. ಅವಳು ಹುಟ್ಟಿದಾಗ ಹೊಕ್ಕುಳ ಬಳ್ಳಿ ಹೂತ ಗುಂಡಿಯಲ್ಲೇ ವೀರಭದ್ರಯ್ಯ ಒಂದು ತೆಂಗಿನ ಸಸಿ ನೆಟ್ಟಿದ್ದ. ಅದು ಆ ಮನೆಯ ರೂಢಿ. ಮಗಳೂ ಮರವೂ ಜೊತೆಜೊತೆಗೆ ಬೆಳೆದರು. ಶಾಲೆಯಿಂದ ಬಂದವಳೇ ಹುಡುಗಿ ಮರಕ್ಕೆ ಬೆನ್ನು ಹಚ್ಚಿ ಎತ್ತರ ನೋಡಿಕೊಳ್ಳುತ್ತಿದ್ದಳು. ಮರ ತನ್ನನ್ನು ಮೀರಿದ ವರ್ಷ ಅದರ ಜೊತೆ ಟೂ ಬಿಟ್ಟಿದ್ದಳು. ಕಾಲೇಜಿಗೆ ಸೇರಿದ ಹೊಸದರಲ್ಲಿ ಜ್ವರ ಬಂತು. ಜ್ವರ ತಲೆಗೇರಿತು ಅಂದರು. ವಾರ ತುಂಬುವುದರೊಳಗೆ ಹುಡುಗಿ ಹೋಯಿತು. ಮರ ಉಳಿಯಿತು.

ಆಮೇಲೆ ವಿಮಲಮ್ಮನಿಗೆ ಅದೇ ಮಗಳು. ಬೆಳಿಗ್ಗೆ ಎದ್ದವಳು ತಂಬಿಗೆ ತುಂಬ ನೀರು ಹಿಡಿದು ರಸ್ತೆ ದಾಟುವಳು. ಬುಡಕ್ಕೆ ನೀರು ಸುರಿದು, ಮನೆಯ ಸುದ್ದಿಯನ್ನೆಲ್ಲ ಅದಕ್ಕೆ ಒಪ್ಪಿಸಿ ಬರುವಳು. ಮಂಡಿ ಹಿಡಿದುಕೊಂಡು, ಸಕ್ಕರೆ ಕಾಯಿಲೆ ಕಣ್ಣನ್ನೂ ಮಬ್ಬು ಮಾಡಿದ ಮೇಲೆ, ಜಗಲಿಯಲ್ಲಿ ಕೂತೇ ಆ ಮರವನ್ನು ನೋಡುವಳು. ನೋಡುವುದೇನು, ರಸ್ತೆಯಾಚೆ ಹಸಿರಾಗಿ ಏನೋ ನಿಂತಿದೆ ಅನ್ನುವಷ್ಟೇ ಕಾಣುತ್ತಿತ್ತು. ಅವಳಿಗೆ ಅಷ್ಟು ಸಾಕಿತ್ತು.

ಸೂರ್ಯಪ್ರಕಾಶ ಕೆಟ್ಟವನಲ್ಲ, ಮಾತಿಗೆ ತಪ್ಪಲಿಲ್ಲ. ಯಾರದೋ ಕಾರಿನ ಗಾಜಿನ ಮೇಲೆ ಕಾಯಿ ಬಿದ್ದು ರಂಪವಾದ ಮೇಲೆ ಉಳಿದ ಮರಗಳನ್ನು ತೆಗೆಸಿ ಪ್ಲಾಸ್ಟಿಕ್ಕಿನವನ್ನು ನಿಲ್ಲಿಸಿದ. ಜೀವಿತಾಳ ಮರ ಮಾತ್ರ ಮುಟ್ಟಲಿಲ್ಲ. ಆದರೆ ಎಲ್ಲ ಮರಕ್ಕೂ ಬಣ್ಣದ ಬಲ್ಬಿನ ಸರ ಸುತ್ತಿ ಇದೊಂದನ್ನು ಬೋಳು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಅವನ ಕೆಲಸದವರು ಇದಕ್ಕೂ ಮೊಳೆ ಹೊಡೆದರು. ಫೈಬರಿಗೆ ಹೊಡೆದ ಹಾಗೇ ಹೊಡೆದರು. ತೆಂಗಿನ ಮರಕ್ಕೆ ಗಾಯ ಮಾಡುವುದೆಂದರೆ ಕೆಂಪುಮೂತಿ ಹುಳುವನ್ನು ಊಟಕ್ಕೆ ಕರೆದ ಹಾಗೆ. ಕಾಂಡದಿಂದ ಕಂದು ರಸ ಇಳಿಯುವುದನ್ನು ವೀರಭದ್ರಯ್ಯ ಕಂಡು ಔಷಧಿ ಹಾಕಿಸುವ ಹೊತ್ತಿಗೆ ಒಳಗೆಲ್ಲ ಟೊಳ್ಳಾಗಿತ್ತು. ಸುಳಿ ವಾಲಿತು, ಆಮೇಲೆ ಕಳಚಿ ಬಿತ್ತು.

ಆಗ ವಿಮಲಮ್ಮ ಕಾಲಿನ ಗಾಯಕ್ಕೆಂದು ತುಮಕೂರಿನ ಆಸ್ಪತ್ರೆಯಲ್ಲಿದ್ದಳು. ವೀರಭದ್ರಯ್ಯ ಸೂರ್ಯಪ್ರಕಾಶನ ಮುಂದೆ ನಿಂತ.

"ಅಂಥದ್ದೇ ಒಂದು ಅಲ್ಲಿ ನಿಲ್ಸಪ್ಪ. ಅವಳು ಬರೋದ್ರೊಳ್ಗೆ ಆಗ್ಬೇಕು."

"ಬ್ಯಾಡ ಯಜಮಾನ್ರೇ. ತಪ್ಪು ನಮ್ದು. ನಾನೇ ಬಂದು ಅಮ್ಮಾರ ಕಾಲಿಗೆ ಬೀಳ್ತೀನಿ, ಇದ್ದಿದ್ದು ಹೇಳ್ಬುಡಾನ."

"ಅವಳು ತಡ್ಕಳಕ್ಕಿಲ್ಲ ಕಣಪ್ಪ. ನಾನು ಅವಳನ್ನ ನೋಡಿವ್ನಿ, ನೀನು ನೋಡಿಲ್ಲ."

ಮಗಳು ತೀರಿಕೊಂಡ ವರ್ಷ ವಿಮಲಮ್ಮ ಅನ್ನ ಬಿಟ್ಟು ಕಡ್ಡಿಯಾಗಿದ್ದನ್ನು ಕಂಡವನು ಅವನೊಬ್ಬನೇ ತಾನೆ. ಸೂರ್ಯಪ್ರಕಾಶ ಬೆಂಗಳೂರಿನಿಂದ ಇನ್ನೊಂದು ಮರ ತರಿಸಿ ಅದೇ ಜಾಗದಲ್ಲಿ ನಿಲ್ಲಿಸಿದ. ಜ್ಞಾನೇಶನಿಗೂ ಅವನ ಹೆಂಡತಿ ಅನಿತಾಳಿಗೂ ಬಾಯಿ ಬಿಡಬಾರದೆಂದು ಹೇಳಿದ್ದಾಯಿತು.

ಆಸ್ಪತ್ರೆಯಿಂದ ಬಂದವಳು ಒಳಗೆ ಹೋಗುವ ಮೊದಲು ಜಗಲಿಯಲ್ಲಿ ನಿಂತು ಆಚೆ ನೋಡಿದಳು.

"ನೋಡ್ರೀ, ಎಷ್ಟು ಸೊಂಪಾಗೈತೆ! ನಾನಿಲ್ದಿದ್ರೂ ಒಂದು ಗರೀನೂ ಬಾಡಿಲ್ಲ."

"ಹೂಂ ಕಣೇ" ಅಂದ. ಅಲ್ಲಿಂದ ಅವನ ಊಟ ಅರ್ಧವಾಯಿತು. ಬೇಸಿಗೆಯಲ್ಲಿ ಸೀಮೆಯ ಮರಗಳೆಲ್ಲ ಸೊರಗಿ ಗರಿ ಇಳಿಬಿಟ್ಟಾಗಲೂ ಅದೊಂದು ಹೊಳೆಯುತ್ತ ನಿಂತಿರುವುದು. "ನಮ್ ಜೀವಿ ಗಟ್ಟಿಗಿತ್ತಿ" ಎಂದು ವಿಮಲಮ್ಮ ಬಂದವರಿಗೆಲ್ಲ ಹೇಳುವಳು. ಬಂದವರು ವೀರಭದ್ರಯ್ಯನ ಮುಖ ನೋಡಿ ಹೌದು ಹೌದು ಅನ್ನುವರು.

ಹೀಗೆ ವರ್ಷದ ಮೇಲಾಯಿತು. ಅನಿತಾ ಬಸುರಿಯಾದಳು. ಅವಳಿಗೆ ಐದು ತುಂಬಿದಾಗ ವಿಮಲಮ್ಮ ಗಂಡನನ್ನು ಹತ್ತಿರ ಕೂರಿಸಿಕೊಂಡಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ಅವನು ನೋಡಿ ಯಾವ ಕಾಲವಾಗಿತ್ತೋ.

"ಜೀವಿ ಮರದ್ದೊಂದು ಕಾಯಿ ಕೆಡವ್ಸಿ. ಈಗ್ಲೇ ಸಸಿಗೆ ಇಟ್ರೆ ಮಗ ಹುಟ್ಟೋ ಹೊತ್ಗೆ ಮೊಳ್ತಿರ್ತದೆ. ಹೊಕ್ಕುಳ ಬಳ್ಳಿ ಆ ಸಸಿ ಬುಡಕ್ಕೇ ಹಾಕಾನ. ಸೋದರತ್ತೆ ಮಡ್ಲಲ್ಲಿ ಬೆಳ್ದಂಗಾಯ್ತದೆ ಕಣ್ರೀ."

ವೀರಭದ್ರಯ್ಯ ಆಗಲಿ ಅಂದು ಎದ್ದ. ಕಾಲು ತಾನಾಗಿ ಅಟ್ಟದ ಏಣಿಯ ಕಡೆ ನಡೆಯಿತು.

ಮರ ಬೀಳುವ ಮೊದಲು ಅದರ ಕೊನೆಯ ಗೊನೆಯನ್ನು ಇಳಿಸಿದ್ದ. ಕಾಯಿಗಳನ್ನು ತಾನೇ ಹೊತ್ತು ತಂದು ಅಟ್ಟದ ಒಂದು ಮೂಲೆಯಲ್ಲಿ, ಬೇರೆಯವಕ್ಕೆ ತಾಗದ ಹಾಗೆ ಇಟ್ಟಿದ್ದ. ಎಷ್ಟು ಜೋಪಾನ! ಬಲಿತ ಕಾಯಿ ಕೈಗೆ ಬಂತೆಂದರೆ ಅಟ್ಟಕ್ಕೆ ಹಾಕುವುದು ಈ ಸೀಮೆಯವರ ಮೈಗೆ ಹತ್ತಿದ ಅಭ್ಯಾಸ. ವರ್ಷ ಕಳೆಯುವುದರೊಳಗೆ ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕೊಬ್ಬರಿಯಾದ ಕಾಯಿ ಯಾವ ದೇವರು ಬಂದರೂ ಮೊಳೆಯುವುದಿಲ್ಲ. ಇದನ್ನೆಲ್ಲ ಅರೆದು ಕುಡಿದವನಿಗೆ, ಒಂದನ್ನಾದರೂ ಮಣ್ಣಿಗಿಡಬೇಕೆಂದು ಅವತ್ತು ಹೊಳೆಯಲೇ ಇಲ್ಲ. ಅವತ್ತು ಅವನ ತಲೆಯ ತುಂಬ ಇದ್ದದ್ದು ಹೆಂಡತಿಗೆ ಹೇಳಬೇಕಾದ ಸುಳ್ಳು ಮಾತ್ರ.

ಮಂಡಿಯೂರಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಉಂಡೆ ಲೊಟಲೊಟ ಬಡಿಯಿತು. ಇನ್ನೊಂದು ಎತ್ತಿದ. ಅದೂ ಹಾಗೇ. ಒಂದರಲ್ಲಾದರೂ ನೀರು ಕುಲುಕಿದ ಸದ್ದು ಬರಲಪ್ಪಾ ಶಿವನೇ ಎಂದು ಬೇಡಿಕೊಳ್ಳುತ್ತ ಅಷ್ಟನ್ನೂ ಅಲ್ಲಾಡಿಸಿದ, ಮತ್ತೆ ಮೊದಲಿಂದ ಅಲ್ಲಾಡಿಸಿದ. ಅಷ್ಟೂ ಒಣಗಿದ್ದವು. ಮಗಳ ಮರ ಇನ್ನು ಈ ಭೂಮಿಯ ಮೇಲೆ ಎಲ್ಲೂ ಇಲ್ಲವೆಂದು ಅವನಿಗೆ ಆಗ, ಆ ಧೂಳಿನಲ್ಲಿ ಕೂತಾಗ ಗೊತ್ತಾಯಿತು. ಪಂಚೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತ.

ಕೆಳಗಿಳಿದು ಹಿತ್ತಲಿಗೆ ಹೋದ. ಮೊನ್ನೆ ಕೆಡವಿಸಿದ ಬೇರೆ ಯಾವುದೋ ಮರದ ಕಾಯಿಗಳು ರಾಶಿ ಬಿದ್ದಿದ್ದವು. ದಪ್ಪನೆಯದೊಂದು ಆರಿಸಿ ತಂದು ಹೆಂಡತಿಯ ಮಡಿಲಿಗೆ ಹಾಕಿದ. ಕಾಯಿಯ ಮೇಲೆ ಹೆಸರು ಬರೆದಿರುತ್ತದೆಯೇ? ವಿಮಲಮ್ಮ ಅದನ್ನು ಎರಡೂ ಕೈಯಲ್ಲಿ ಸವರಿದಳು. ಅಲ್ಲಾಡಿಸಿ ನೀರಿನ ಸದ್ದು ಕೇಳಿ ನಕ್ಕಳು. ಕೆನ್ನೆಗೆ ಒತ್ತಿಕೊಂಡಳು.

"ಬಂದ್ಯಾ ನನ್ನವ್ವ" ಅಂದಳು. "ನಿನ್ನ ಬುಟ್ಟು ಎಷ್ಟು ದಿನ ಆಯ್ತು."

ಅದನ್ನು ಕೇಳಿಸಿಕೊಂಡು ನಿಲ್ಲುವುದು ಅವನ ಕೈಲಾಗಲಿಲ್ಲ. ಅವಳ ಕಾಲ ಹತ್ತಿರ ಕೂತ.

"ಅದು ಜೀವಿ ಮರದ್ದಲ್ಲ ಕಣೇ. ಜೀವಿ ಮರ ಹೋಯ್ತು. ಹೋದ್ವರ್ಷ ನೀನು ಆಸ್ಪತ್ರೇಲಿದ್ದಾಗ್ಲೇ ಹೋಯ್ತು. ಅಲ್ಲಿ ನಿಂತಿರೋದು ಪ್ಲಾಸ್ಟಿಕ್ಕು. ನಾನೇ ನಿಲ್ಸಿದ್ದು."

ವಿಮಲಮ್ಮ ರಸ್ತೆಯಾಚೆ ನೋಡಿದಳು, ಗಂಡನ ಕಡೆ ನೋಡಿದಳು. ಮಡಿಲಿನ ಕಾಯಿ ಉರುಳಿ ಜಗಲಿಯಿಂದ ಕೆಳಗೆ ಬಿತ್ತು. ಬೈಯುತ್ತಾಳೆ, ಎದೆಗೆ ಗುದ್ದುತ್ತಾಳೆ ಎಂದು ಅವನು ತಲೆ ತಗ್ಗಿಸಿ ಕಾದ.

"ಮೊದ್ಲು ಹೋದಾಗ ಅಳಕ್ಕಾದ್ರೂ ಬುಟ್ರಿ" ಅಂದಳು. "ಎರಡ್ನೇ ಸಲ ಅದನ್ನೂ ಕೊಡ್ಲಿಲ್ವಲ್ರೀ ನನಗೆ. ಮಗಳು ಸತ್ತವ್ಳೆ, ನಾನಿಲ್ಲಿ ಕೂತ್ಕೊಂಡು ನಗ್ತಾ ಇದ್ನಲ್ರೀ."

ಆಮೇಲೆ ಅವಳು ಅತ್ತದ್ದು ಇಡೀ ಬೀದಿಗೆ ಕೇಳಿಸಿತು. ಅನಿತಾ ಹೊಟ್ಟೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಪಕ್ಕದ ಮನೆಯ ಪರಮಶಿವಯ್ಯ ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಓಡಿ ಬಂದ.

"ಏನಾಯ್ತು ವೀರಭದ್ರಣ್ಣ? ಯಾರಿಗೇನಾಯ್ತು?"

"ನಮ್ ಜೀವಿತಾ ಹೋದ್ಲು ಕಣಪ್ಪ" ಅಂದ ವೀರಭದ್ರಯ್ಯ.

ಆ ಹುಡುಗಿಯ ಮಣ್ಣಿಗೆ ಪರಮಶಿವಯ್ಯನೇ ಹೆಗಲು ಕೊಟ್ಟಿದ್ದ. ಅದೆಲ್ಲ ಆಗಿ ಎಷ್ಟೋ ವರ್ಷವಾಗಿತ್ತು. ಆದರೂ ಅವನು ಕೈ ತೊಳೆದು ಬಂದು, ಚಪ್ಪಲಿ ದೂರ ಬಿಟ್ಟು, ಸಾವಿನ ಮನೆಯಲ್ಲಿ ಕೂರುವ ಹಾಗೆ ಗೋಡೆಗೆ ಒರಗಿ ಕೂತ.